ಬಿದ್ದದ್ದಲ್ಲ, ಜಾರಿದ್ದು

ತೀರ್ಥಹಳ್ಳಿ ಸೀಮೆಯ ಪ್ರಾಥಮಿಕ ಆರೋಗ್ಯ ಕೇಂದ್ರವೊಂದರಲ್ಲಿ ವಯಸ್ಸಾದವರ ಬೀಳುವ ಅಪಾಯವನ್ನು ಅಂದಾಜು ಮಾಡಲು ತೊಡಗಿದಾಗ, ಕಳೆದ ಒಂದು ವರ್ಷದಲ್ಲಿ ಬಿದ್ದಿದ್ದೀರಾ ಎಂದು ಎಲ್ಲರನ್ನೂ ಕೇಳುತ್ತಿದ್ದೆ. ಬಹುಪಾಲು ಮಂದಿ ಇಲ್ಲವೆನ್ನುತ್ತಿದ್ದರು. ಮೊಣಕೈ ತರಚಿಕೊಂಡು ಬಂದಿದ್ದ ಅಜ್ಜಿಯೊಬ್ಬರೂ, “ಬೀಳ್ಲಿಲ್ಲ ಡಾಕ್ಟ್ರೇ, ಹಾವಸೆ ಮೇಲೆ ಕಾಲಿಟ್ಟು ಜಾರ್ದೆ ಅಷ್ಟೆ” ಎಂದಾಗ ನನ್ನ ಪ್ರಶ್ನೆಯೇ ಸರಿಯಿಲ್ಲವೆಂದು ಹೊಳೆಯಿತು. ಮಳೆಗಾಲವಿಡೀ ಅಂಗಳ ಪಾಚಿಗಟ್ಟುವ ಕಡೆ ಜಾರಿದ್ದನ್ನು ಯಾರೂ ಕಾಯಿಲೆಯ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈಗ, ಈ ಮಳೆಗಾಲದಲ್ಲಿ ಎಲ್ಲೆಲ್ಲಿ ಜಾರಿದಿರಿ, ಎಲ್ಲಿ ಕೈಯೂರಿದಿರಿ ಎಂದು ಕೇಳುತ್ತೇನೆ. ನಡೆಯುವಾಗ ಆಯ ತಪ್ಪಿದಂತಾಗುತ್ತದೆಯೇ, ಬೀಳುವ ಹೆದರಿಕೆಯಿಂದ ತೋಟಕ್ಕಿಳಿಯುವುದನ್ನು ಬಿಟ್ಟಿದ್ದೀರಾ ಎಂದೂ ವಿಚಾರಿಸುತ್ತೇನೆ. ಒಂದಕ್ಕೆ ಹೌದೆಂದರೂ ನಡಿಗೆಯ ಪರೀಕ್ಷೆ ಮಾಡಿಸುತ್ತೇನೆ: ಕುರ್ಚಿಯಿಂದ ಎದ್ದು, 3 ಮೀಟರ್ ನಡೆದು, ತಿರುಗಿ ಬಂದು ಕೂರಲು 12 ಸೆಕೆಂಡು ಅಥವಾ ಹೆಚ್ಚು ಹಿಡಿದರೆ ಅಪಾಯವಿದೆಯೆಂದು ಎಣಿಸುತ್ತೇವೆ. ಗಡಿಯಾರಕ್ಕಿಂತ ನಾನು ಹೆಚ್ಚು ಗಮನಿಸುವುದು ತಿರುಗುವಾಗಿನ ಪಾದಗಳನ್ನು, ಏಳುವಾಗ ಕೈ ಎಲ್ಲಿ ಆಸರೆ ಹುಡುಕುತ್ತದೆ ಎಂಬುದನ್ನು.

ಸೆಕೆಂಡುಗಳನ್ನಷ್ಟೇ ನಂಬಿ ಒಮ್ಮೆ ಎಡವಿದ್ದೇನೆ. ನಮ್ಮ ವರಾಂಡದ ನಯವಾದ ನೆಲದ ಮೇಲೆ 10 ಸೆಕೆಂಡಿನಲ್ಲಿ ನಡೆದು ತೋರಿಸಿದ ಹಿರಿಯರೊಬ್ಬರನ್ನು ಚಿಂತೆಯಿಲ್ಲವೆಂದು ಕಳಿಸಿಕೊಟ್ಟಿದ್ದೆ. ತಿಂಗಳೊಳಗೆ ಅವರು ನಡುರಾತ್ರಿ ಮೂತ್ರಕ್ಕೆಂದು ಎದ್ದು, ಹೊರಗಿನ ಬಚ್ಚಲಿಗೆ ಹೋಗುವಾಗ ಹೊಸಿಲಲ್ಲೇ ಕಣ್ಣು ಕತ್ತಲಿಟ್ಟು ಬಿದ್ದು, ಸೊಂಟದ ಮೂಳೆ ಮುರಿದುಕೊಂಡು ಶಿವಮೊಗ್ಗದ ಆಸ್ಪತ್ರೆ ಸೇರಿದರು. ಆಮೇಲೆ ಮಗ ತಂದು ತೋರಿಸಿದ ಪ್ಲಾಸ್ಟಿಕ್ ಚೀಲದಲ್ಲಿ ಬಿಪಿ ಮಾತ್ರೆ, ಪ್ರಾಸ್ಟೇಟಿಗೆ ಟ್ಯಾಮ್ಸುಲೋಸಿನ್, ನಿದ್ರೆಗೆ ಕ್ಲೋನಾಜೆಪಾಮ್, ಎಲ್ಲವೂ ಇದ್ದವು. ನಾನು ಕೇಳಿರಲೇ ಇಲ್ಲ.

ಅಂದಿನಿಂದ ಮಾತ್ರೆಯ ಚೀಲವಿಲ್ಲದೆ ಈ ತಪಾಸಣೆಗೆ ಕೂರುವುದಿಲ್ಲ. ಇಂಥ ಕೆಲವು ಮಾತ್ರೆಗಳಿಂದ ಎದ್ದು ನಿಂತಾಗ ಬಿಪಿ ಕುಸಿದು ಕಣ್ಣು ಕತ್ತಲಿಡಬಹುದು; ಹಾಗಾಗಿ ಐದು ನಿಮಿಷ ಮಲಗಿಸಿ ಬಿಪಿ ನೋಡಿ, ನಿಲ್ಲಿಸಿ ಒಂದನೆಯ ಮತ್ತು ಮೂರನೆಯ ನಿಮಿಷಕ್ಕೆ ಮತ್ತೆ ನೋಡುತ್ತೇನೆ. ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ಔಷಧಿಗಳನ್ನು ಮರುಪರಿಶೀಲಿಸಲೇಬೇಕು. ನೂಕುನುಗ್ಗಲಿನ ಹೊರರೋಗಿ ವಿಭಾಗದಲ್ಲಿ ಇದಕ್ಕೆ ಹಾಸಿಗೆಯೂ ಸಮಯವೂ ಸಿಗುವುದು ಕಷ್ಟ, ಹಾಗಾಗಿ ಮಧ್ಯಾಹ್ನಕ್ಕೆ ಕರೆಸುತ್ತೇನೆ. ನಿದ್ರೆ ಮಾತ್ರೆಯನ್ನು ಥಟ್ಟನೆ ನಿಲ್ಲಿಸದೆ ನಿಧಾನವಾಗಿ ಇಳಿಸಬೇಕು.

ಮನೆಯನ್ನು ಆಶಾ ಕಾರ್ಯಕರ್ತೆ ನೋಡಿ ಬರುತ್ತಾರೆ. ಆ ಅಜ್ಜಿಯ ಮನೆಯಲ್ಲಿ ಅಂಗಳಕ್ಕೆ ಅಡಿಕೆ ದಬ್ಬೆ ಹಾಸಿದ್ದರು, ಬಚ್ಚಲಿಗೆ ದೀಪವೂ ಇತ್ತು; ಕಾಲಿನಲ್ಲಿದ್ದದ್ದು ಮಾತ್ರ ಅಡಿ ಸವೆದು ಕನ್ನಡಿಯಂತಾಗಿದ್ದ ಮಗನ ಹವಾಯಿ ಚಪ್ಪಲಿ. ಹೊಸದನ್ನು ಕೊಡಿಸಲು ಹೇಳಿ, ಕುರ್ಚಿಯಿಂದ ಕೈಯೂರದೆ ಏಳುವ ವ್ಯಾಯಾಮವನ್ನು ಕಲಿಸಿದೆವು. ಮೂರು ತಿಂಗಳ ನಂತರ 19 ಸೆಕೆಂಡಿದ್ದದ್ದು 14ಕ್ಕೆ ಇಳಿದಿತ್ತು. ಹೊಸ ಚಪ್ಪಲಿ ಮಳೆಗೆ ಹಾಳಾದೀತೆಂದು ಚೀಲದಲ್ಲಿಟ್ಟುಕೊಂಡು, ಅವರು ಬರಿಗಾಲಿನಲ್ಲೇ ಬಂದಿದ್ದರು.