ಸ್ಯಾನ್ ಮಟೇಯೊ ಕೌಂಟಿಗೆ ಬಂದಿಳಿದವರಿಗೆ: ಘಟ್ಟದ ಈಚೆ, ಘಟ್ಟದ ಆಚೆ

ಬ್ಯಾಂಕ್ ಖಾತೆ, ಡ್ರೈವಿಂಗ್ ಲೈಸೆನ್ಸ್, ಸೋಶಿಯಲ್ ಸೆಕ್ಯುರಿಟಿ ನಂಬರು: ಇವುಗಳಿಗೆ ದಾರಿ ತೋರಿಸುವವರು ಆಫೀಸಿನಲ್ಲೇ ಇರುತ್ತಾರೆ. ನಮ್ಮವರು ಮಾಡುವ ದೊಡ್ಡ ತಪ್ಪು ಬೇರೆ. ಹೆದ್ದಾರಿ 101ರ ಪಕ್ಕದ ಅಪಾರ್ಟ್‌ಮೆಂಟು, ಆಫೀಸು, ಇಂಡಿಯನ್ ಅಂಗಡಿ, ಇಷ್ಟನ್ನೇ ಊರೆಂದುಕೊಂಡು ವರ್ಷಗಟ್ಟಲೆ ಇದ್ದುಬಿಡುತ್ತೇವೆ. ಕ್ಯಾಲಿಫೋರ್ನಿಯಾದ ಮಕ್ಕಳು ನಾಲ್ಕನೇ ತರಗತಿಯಲ್ಲಿ ರಾಜ್ಯದ ಇತಿಹಾಸ ಓದುತ್ತಾರೆ. ಅವರು ಮನೆಗೆ ಬಂದು ಇಲ್ಲಿ ಮೊದಲು ಯಾರಿದ್ದರು ಎಂದು ಕೇಳುವ ಹೊತ್ತಿಗಾದರೂ ನಮಗೆ ಉತ್ತರ ಗೊತ್ತಿರಬೇಕು.

ಮೊದಲು ನಕ್ಷೆ ತೆರೆಯಿರಿ. ಕೌಂಟಿಯ ನಡುವೆ ಉದ್ದಕ್ಕೂ ಬೆಟ್ಟಸಾಲು, ಪೂರ್ವಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ, ಪಶ್ಚಿಮಕ್ಕೆ ಪೆಸಿಫಿಕ್ ಸಾಗರ. ಘಟ್ಟದ ಮೇಲಿನ ಬದುಕು ಬೇರೆ, ಕೆಳಗಿನದು ಬೇರೆ ಎಂದು ಕನ್ನಡದವರಿಗೆ ವಿವರಿಸಬೇಕಿಲ್ಲ, ಇಲ್ಲಿಯೂ ಹಾಗೆಯೇ. ಕೊಲ್ಲಿಯ ಕಡೆ ರೈಲು, ಪೇಟೆ, ಕಂಪನಿಗಳು. ಸಮುದ್ರದ ಕಡೆ ಇವತ್ತಿಗೂ ಆರ್ಟಿಚೋಕ್ ಎಂಬ ತರಕಾರಿಯ ಹೊಲಗಳು. ಯಾಕೆ ಹೀಗೆ ಎಂಬುದು ತಿಳಿದರೆ ಕೌಂಟಿಯ ಅರ್ಧ ಇತಿಹಾಸ ತಿಳಿದಂತೆ.

ಈ ನೆಲ ಇಲ್ಲಿನ ಮೂಲನಿವಾಸಿಗಳಾದ ಒಹ್ಲೋನಿ ಜನರಲ್ಲಿ ರಾಮಾಯ್ಟುಶ್ ಭಾಷೆ ಮಾತಾಡುತ್ತಿದ್ದವರದ್ದು. 1769ರ ನವೆಂಬರ್ 4ರಂದು ಪೊರ್ಟೊಲಾ ಎಂಬ ಸ್ಪೇನಿನ ಅಧಿಕಾರಿಯ ತಂಡ ಸ್ವೀನಿ ರಿಜ್ ಎಂಬ ಬೆಟ್ಟದ ಮೇಲಿಂದ ಕೊಲ್ಲಿಯನ್ನು ಕಂಡಿತು. 1786ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಮಿಷನ್ನಿನವರು, ಅಂದರೆ ಅಲ್ಲಿ ನೆಲೆಸಿದ್ದ ಸ್ಪೇನಿನ ಪಾದ್ರಿಗಳು, ಧಾನ್ಯ ಬೆಳೆಯಲು ಕರಾವಳಿಯಲ್ಲಿ ಈಗಿನ ಪೆಸಿಫಿಕಾ ಇರುವ ಕಡೆ ಒಂದು ಉಪಠಾಣೆ ಕಟ್ಟಿದರು. ಅಲ್ಲಿ ಮೊದಲೇ ಪ್ರುರಿಸ್ತಾಕ್ ಎಂಬ ಊರಿತ್ತು. ಹೊರಗಿನಿಂದ ಬಂದ ರೋಗಗಳು ಅಲ್ಲಿನ ಜನರನ್ನು ಬಲಿ ತೆಗೆದುಕೊಂಡವು. ಮಕ್ಕಳ ಶಾಲಾ ಪ್ರಾಜೆಕ್ಟಿಗೆ ಮಿಷನ್ನಿನ ಮಾದರಿ ಮಾಡಿಸುವಾಗ ದಯವಿಟ್ಟು ಈ ಮಾತನ್ನು ಬಿಡಬೇಡಿ. ರಾಮಾಯ್ಟುಶ್ ವಂಶಸ್ಥರು ಇವತ್ತಿಗೂ ಇದ್ದಾರೆ, ಅವರನ್ನು ಕಥೆಯ ಮೊದಲ ಪುಟದಲ್ಲೇ ಮುಗಿಸಿಬಿಡಬಾರದು.

ಮೆಕ್ಸಿಕೊ ಆಳುತ್ತಿದ್ದಾಗ ನೆಲವೆಲ್ಲ ದೊಡ್ಡ ದೊಡ್ಡ ರಾಂಚೊಗಳಾಗಿ ಕೆಲವೇ ಕುಟುಂಬಗಳ ಕೈಯಲ್ಲಿತ್ತು. ಆರ್ಗ್ವೆಯೊ ಮನೆತನದ ರಾಂಚೊ ದೆ ಲಾಸ್ ಪುಲ್ಗಾಸ್ ಒಂದೇ ಸುಮಾರು 35,000 ಎಕರೆ. ಅಮೆರಿಕ ಬಂದ ಮೇಲೆ 1851ರ ಕಾನೂನು ಜಮೀನು ತಮ್ಮದೆಂದು ಸಾಬೀತುಪಡಿಸುವ ಹೊಣೆಯನ್ನು ಆ ಕುಟುಂಬಗಳ ಮೇಲೆಯೇ ಹೊರಿಸಿತು. ವ್ಯಾಜ್ಯ ವರ್ಷಗಟ್ಟಲೆ ನಡೆದು ವಕೀಲರ ಫೀಸಿಗೆ ಜಮೀನಿನ ಪಾಲೇ ಹೋಯಿತು. ಹಳೇ ಪತ್ರಗಳಲ್ಲಿ ನಿಮಗೆ ಪುಲ್ಗಾಸ್, ಬುರಿ ಬುರಿ ಎಂಬ ಹೆಸರು ಕಂಡರೆ ಅವು ಈ ರಾಂಚೊಗಳು.

1849ರ ಚಿನ್ನದ ಹುಚ್ಚಿಗೆ ಸ್ಯಾನ್ ಫ್ರಾನ್ಸಿಸ್ಕೊ ಬೆಳೆದಾಗ ಅದಕ್ಕೆ ಬೇಕಾದ ಮರ ಹೋದದ್ದು ವುಡ್‌ಸೈಡ್ ಬೆಟ್ಟದಿಂದ. ರೆಡ್‌ವುಡ್ ದಿಮ್ಮಿಗಳನ್ನು ಎತ್ತಿನ ಗಾಡಿಯಲ್ಲಿ ಕೆಳಗಿಳಿಸಿ ಹಳ್ಳದ ದಡಕ್ಕೆ ತರುತ್ತಿದ್ದರು. ಆ ದಡವೇ ರೆಡ್‌ವುಡ್ ಸಿಟಿ. 1854ರ ವುಡ್‌ಸೈಡ್ ಸ್ಟೋರ್ ಇನ್ನೂ ನಿಂತಿದೆ. ಮರ ಕಡಿಯುವವರಿಗೆ ಸಾಮಾನು ಮಾರುತ್ತಿದ್ದ ಟ್ರಿಪ್ ಎಂಬಾತ ಅವರ ಹಲ್ಲನ್ನೂ ಕೀಳುತ್ತಿದ್ದ. 1856ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಬೇರ್ಪಟ್ಟು ಕೌಂಟಿ ಹುಟ್ಟಿತು, ಮೊದಲ ಚುನಾವಣೆಯಲ್ಲೇ ಕಳ್ಳಮತದ ಗಲಾಟೆಯಾಯಿತು. 1868ರಲ್ಲಿ ಪೆಸ್ಕಾಡೆರೊ ಸುತ್ತಲಿನ ಭಾಗ ಸಾಂತಾ ಕ್ರೂಸ್ ಕೌಂಟಿಯಿಂದ ಬಂದು ಸೇರಿತು. ಅಷ್ಟರಲ್ಲಿ, 1864ರ ಹೊತ್ತಿಗೆ, ಸ್ಯಾನ್ ಹೋಸೆಗೆ ರೈಲು ಓಡುತ್ತಿತ್ತು. ನೀವು ಹತ್ತುವ ಕ್ಯಾಲ್‌ಟ್ರೇನ್ ಹೋಗುವುದು ಬಹುಪಾಲು ಅದೇ ದಾರಿಯಲ್ಲಿ.

ಘಟ್ಟದ ಆಚೆ, ಸಮುದ್ರದ ಕಡೆಗೆ ಆ ಭಾಗ್ಯವಿರಲಿಲ್ಲ. ಬಂದರಿಲ್ಲದ ಕಡಿದಾದ ದಂಡೆ. 1872ರಲ್ಲಿ ಗಾರ್ಡನ್ ಎಂಬ ರೈತ ಟುನಿಟಾಸ್ ಬಳಿ ಬಂಡೆಯ ಮೇಲಿಂದ ಹಡಗಿಗೆ ಮೂಟೆ ಜಾರಿಸಲು ಮರದ ಜಾರುಹಲಗೆ ಕಟ್ಟಿದ. 1885ರ ಬಿರುಗಾಳಿ ಅದನ್ನು ಕೊಚ್ಚಿತು. 1905ರಲ್ಲಿ ಓಷನ್ ಶೋರ್ ರೈಲ್‌ರೋಡ್ ಸಾಂತಾ ಕ್ರೂಸ್ ತನಕ ಹಳಿ ಹಾಕಲು ಹೊರಟಿತು. ಮರುವರ್ಷದ ಭೂಕಂಪದಲ್ಲಿ ಹಳಿ, ಯಂತ್ರ ಕುಸಿದು ಸಮುದ್ರ ಸೇರಿದವು. ನಡುವಿನ ಸುಮಾರು 26 ಮೈಲಿ ಕೊನೆಗೂ ಕೂಡಲಿಲ್ಲ, 1920ರಲ್ಲಿ ಕಂಪನಿಯೇ ನಿಂತಿತು. ಕರಾವಳಿಯ ಎಲ್ ಗ್ರನಾಡ ಊರಿನ ಬೀದಿಗಳು ಅರ್ಧವೃತ್ತಾಕಾರದಲ್ಲಿ ಬಾಗಿರುವುದನ್ನು ಗಮನಿಸಿ: ರೈಲು ಬರುತ್ತದೆಂದು ನಂಬಿ ಡೇನಿಯಲ್ ಬರ್ನ್‌ಹ್ಯಾಮ್ ಎಂಬ ಹೆಸರಾಂತ ನಗರ ಯೋಜಕನ ಕೈಯಲ್ಲಿ ಬರೆಸಿದ ನಕ್ಷೆ ಅದು. ಡೆವಿಲ್ಸ್ ಸ್ಲೈಡ್ ಎಂಬ ಕಡಿದಾದ ಕಡಲ ಬಂಡೆಯ ಮೇಲಿನ 1937ರ ರಸ್ತೆಯೂ ಮತ್ತೆ ಮತ್ತೆ ಜಾರುತ್ತಿತ್ತು. 2013ರಲ್ಲಿ ಸುರಂಗ ತೆರೆದ ಮೇಲೆ ಹಳೇ ರಸ್ತೆ ನಡೆಯುವ ದಾರಿಯಾಗಿದೆ. ಹೊಲಗಳು ಉಳಿದದ್ದಕ್ಕೆ ಈ ಸೋಲುಗಳಿಗೂ ಋಣಿಯಾಗಿರಬೇಕು.

ನೀರಿನ ಕಥೆಯೂ ಗೊತ್ತಿರಲಿ. ಹೆದ್ದಾರಿ 280ರಲ್ಲಿ ಹೋಗುವಾಗ ಕಾಣುವ ಕ್ರಿಸ್ಟಲ್ ಸ್ಪ್ರಿಂಗ್ಸ್ ಜಲಾಶಯ ಒಂದು ಕಣಿವೆಯನ್ನು ಮುಳುಗಿಸಿ ಸ್ಯಾನ್ ಫ್ರಾನ್ಸಿಸ್ಕೊಗಾಗಿ ಮಾಡಿದ್ದು. ಮಲೆನಾಡಿನಲ್ಲಿ ಮುಳುಗಡೆ ಕಂಡ ಮನೆತನದವರಿಗೆ ಇದು ಬೇಗ ಅರ್ಥವಾಗುತ್ತದೆ. 1890ರ ಹೊತ್ತಿಗೆ ಮುಗಿದ ಅದರ ಕಾಂಕ್ರೀಟ್ ಅಣೆಕಟ್ಟು ಭೂಕಂಪದ ಬಿರುಕಿನ ಪಕ್ಕದಲ್ಲೇ ಇದ್ದರೂ 1906ರಲ್ಲಿ ಅಲುಗಲಿಲ್ಲ.

ಮನೆ ಕೊಳ್ಳುವವರು ಇಲ್ಲಿ ನಿಧಾನಿಸಿ. ನಮ್ಮವರು ಹೆಚ್ಚಾಗಿರುವ ಫಾಸ್ಟರ್ ಸಿಟಿ ಒಂದು ಕಾಲದ ಜೌಗು. ಅದಕ್ಕೆ ಒಡ್ಡು ಕಟ್ಟಿ ಮೊದಲು ಹುಲ್ಲು ಬೆಳೆದರು, ಹೈನು ಮಾಡಿದರು, ಆಮೇಲೆ ಉಪ್ಪು ತೆಗೆದರು. 1960ರ ದಶಕದಲ್ಲಿ ಕೊಲ್ಲಿಯ ಮರಳು ತುಂಬಿ ಮನೆ ಕಟ್ಟಿದರು. ಮನೆಯ ಜಾಗದ ಅಪಾಯಗಳ ವರದಿಯನ್ನು ಎಸ್ಕ್ರೋ (ಹಣ, ಪತ್ರ ಮಧ್ಯಸ್ಥರ ಕೈಯಲ್ಲಿದ್ದು ಖರೀದಿ ಮುಗಿಯುವ ಅವಧಿ) ಗಡಿಬಿಡಿಯಲ್ಲಿ ಓದದೆ ಸಹಿ ಹಾಕುವುದು ಸಾಮಾನ್ಯ ತಪ್ಪು. ಅದರಲ್ಲಿ ಎರಡನ್ನು ನೋಡಿ: ಭೂಕಂಪದಲ್ಲಿ ನೆಲ ಕೆಸರಿನಂತಾಗುವ ವಲಯವೇ, ಪ್ರವಾಹ ವಲಯವೇ. ಪ್ರವಾಹ ತಡೆಯುತ್ತದೆಂದು ಒಡ್ಡಿಗಿರುವ ಸರ್ಕಾರಿ ಮಾನ್ಯತೆ ಹೋದರೆ ಸಾಲದ ಮನೆಗೆ ಪ್ರವಾಹ ವಿಮೆ ಕಡ್ಡಾಯವಾಗುತ್ತದೆ. ಇನ್ನೊಂದು: ಡೇಲಿ ಸಿಟಿಯ ವೆಸ್ಟ್‌ಲೇಕ್‌ನಂಥ ಬಡಾವಣೆಗಳ ಹಳೇ ಪತ್ರಗಳಲ್ಲಿ ಬಿಳಿಯರಲ್ಲದವರು ವಾಸಿಸಬಾರದೆಂಬ ಷರತ್ತಿರುತ್ತದೆ. ಅದಕ್ಕೆ ಈಗ ಬೆಲೆಯಿಲ್ಲ. ಆಸ್ತಿ ಪತ್ರಗಳ ದಾಖಲೆ ಇಡುವ ಕೌಂಟಿ ರೆಕಾರ್ಡರ್ ಕಚೇರಿಗೆ ಅರ್ಜಿ ಕೊಟ್ಟು ತೆಗೆಸಬಹುದು, ತೆಗೆಸಿ. ಆದರೆ ಮೂಲದ ಒಂದು ಪ್ರತಿ ಇಟ್ಟುಕೊಂಡು ಮಕ್ಕಳು ದೊಡ್ಡವರಾದಾಗ ಓದಿಸಿ. ಈ ಬೀದಿಯಲ್ಲಿ ಅವರು ಸೈಕಲ್ ಓಡಿಸಲು ಯಾರ್ಯಾರು ಹೋರಾಡಿದರು ಎಂಬುದು ಆಗ ಅವರಿಗೂ ತಿಳಿಯುತ್ತದೆ.

ಒಂದು ಶನಿವಾರ ಇದಕ್ಕೆ ಮೀಸಲಿಡಿ. ರೆಡ್‌ವುಡ್ ಸಿಟಿಯ ಹಳೇ ಕೋರ್ಟಿನಲ್ಲಿರುವ ಇತಿಹಾಸ ಮ್ಯೂಸಿಯಂನಿಂದ ಶುರು ಮಾಡಿ. ವುಡ್‌ಸೈಡ್ ಸ್ಟೋರ್, ಪೆಸಿಫಿಕಾದ ಸಾಂಚೆಸ್ ಅಡೋಬಿ (ಹಸಿ ಇಟ್ಟಿಗೆಯ) ಮನೆ ಕೂಡ ಅದೇ ಸಂಸ್ಥೆಯ ಉಸ್ತುವಾರಿಯಲ್ಲಿವೆ. ತೆರೆದಿರುವ ದಿನ ಮೊದಲೇ ನೋಡಿಕೊಳ್ಳಿ. ರೆಡ್‌ವುಡ್ ಸಿಟಿಯಿಂದ ಹೆದ್ದಾರಿ 84ರಲ್ಲಿ ಬೆಟ್ಟ ಹತ್ತಿ ಕರಾವಳಿಯ ಸ್ಯಾನ್ ಗ್ರೆಗೋರಿಯೊಗೆ ಇಳಿಯಿರಿ. ಪೆಟ್ರೋಲ್ ಈಚೆಯೇ ತುಂಬಿಸಿ, ನಕ್ಷೆ ಫೋನಿನಲ್ಲಿ ಇಳಿಸಿಕೊಳ್ಳಿ, ನಡುವೆ ಸಿಗ್ನಲ್ ಹೋಗುತ್ತದೆ. ತಿರುವುಗಳು ಹೆಚ್ಚು, ಮಕ್ಕಳಿಗೆ ಹೊಟ್ಟೆ ತುಂಬ ತಿನ್ನಿಸಿ ಹೊರಡಬೇಡಿ. ದಕ್ಷಿಣಕ್ಕೆ ಹೋದರೆ ಪಿಜನ್ ಪಾಯಿಂಟ್‌ನ 115 ಅಡಿ ದೀಪಸ್ತಂಭ, 1872ರದ್ದು. ಮರಳುವಾಗ ಹೆದ್ದಾರಿ 1ರಲ್ಲಿ ಉತ್ತರಕ್ಕೆ ಬನ್ನಿ. ಅಕ್ಟೋಬರಿನ ವಾರಾಂತ್ಯಗಳಲ್ಲಿ ಕುಂಬಳಕಾಯಿ ಕೊಳ್ಳುವವರಿಂದ ಘಟ್ಟ ದಾಟುವ ಹೆದ್ದಾರಿ 92 ಪೂರ್ತಿ ಕಟ್ಟಿಕೊಳ್ಳುತ್ತದೆ, ಆ ದಾರಿ ಬೇಡ. ಜುಲೈಯಲ್ಲೂ ಸ್ವೆಟರ್ ಬೇಕು. ಒಳನಾಡು ಕಾದಷ್ಟೂ ಕರಾವಳಿಗೆ ಮಂಜು ಬರುತ್ತದೆ. ಸ್ವೀನಿ ರಿಜ್‌ಗೆ ಸ್ನೀತ್ ಲೇನ್ ಕಡೆಯಿಂದ ಹತ್ತಿದರೆ ಮಂಜಿನಲ್ಲಿ ದಾರಿ ತಪ್ಪದಿರಲು ರಸ್ತೆ ನಡುವೆ ಹಳದಿ ಗೆರೆ ಬಳಿದಿದ್ದಾರೆ, ಅದನ್ನೇ ಹಿಡಿದು ನಡೆಯಿರಿ. ದಾರಿಬದಿಯ ಮೂರೆಲೆಯ ಪಾಯ್ಸನ್ ಓಕ್ ಎಂಬ ತುರಿಕೆ ಗಿಡ ಮುಟ್ಟಬೇಡಿ. ಕಾರವಾರ, ಮಲ್ಪೆಯಲ್ಲಿ ಮೊಣಕಾಲುದ್ದ ನೀರಿಗಿಳಿದ ಅಭ್ಯಾಸವನ್ನು ಇಲ್ಲಿ ಬಿಡಿ: ನೀರು ಕೊರೆಯುತ್ತದೆ, ಶಾಂತವಾಗಿ ಕಂಡ ಹೊತ್ತಿನಲ್ಲೇ ಒಂದು ದೊಡ್ಡ ಅಲೆ ಬಂದು ಒಳಗೆಳೆಯುತ್ತದೆ. ಫೋಟೋಗೆಂದೂ ಸಮುದ್ರಕ್ಕೆ ಬೆನ್ನು ಹಾಕಿ ನಿಲ್ಲಬೇಡಿ, ಮಕ್ಕಳ ಕೈ ಬಿಡಬೇಡಿ.