ಪೈಥಾನ್ ಫಂಕ್ಷನ್‌ಗೆ ಹೊಸ ಗುಣ ಸೇರಿಸುವುದು ಹೇಗೆ?

ಅಂಗಡಿಯ ಬಿಲ್ಲೊಂದನ್ನು ತೆಗೆದುಕೊಳ್ಳೋಣ. 1000 ರೂಪಾಯಿಯ ಸರಕು. ಮೊದಲು 100 ರೂಪಾಯಿ ರಿಯಾಯಿತಿ, ಉಳಿದದ್ದಕ್ಕೆ ಶೇ 18 ತೆರಿಗೆ. ಒಟ್ಟು 1062. ಕ್ರಮ ತಪ್ಪಿ ತೆರಿಗೆಯನ್ನು ಮೊದಲು ಹಾಕಿದರೆ 1080, ಗಿರಾಕಿಯ ಜೇಬಿಗೆ 18 ರೂಪಾಯಿ ಕತ್ತರಿ. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಇವೆರಡನ್ನೂ ಫಂಕ್ಷನ್‌ಗಳಾಗಿ (ಹೆಸರಿಟ್ಟು ಕರೆಯಬಹುದಾದ ಕೆಲಸಗಳಾಗಿ) ಬರೆದರೆ ತೆರಿಗೆ(ರಿಯಾಯಿತಿ(1000)) ಎಂದು ಕರೆಯಬೇಕಾಗುತ್ತದೆ. ಮೊದಲು ನಡೆಯುವ ಕೆಲಸ ಒಳಗೆ ಅಡಗಿ ಕುಳಿತಿರುತ್ತದೆ. ಹೀಗೆ ಬರೆಯುವಂತಿದ್ದರೆ ಎಷ್ಟು ಸಲೀಸು:

(ರಿಯಾಯಿತಿ >> ತೆರಿಗೆ)(1000)

ಇದು ಕಾಗದದ ಮೇಲಿನ ಆಸೆಯಲ್ಲ. 2008ರಲ್ಲಿ ಬಂದ ಪೈಥಾನ್ 3ರಿಂದ ಈಚೆಗೆ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು. ಡೆಫ್, ಕ್ಲಾಸ್, ರಿಟರ್ನ್‌ನಂತಹ ಮೀಸಲು ಪದಗಳು ಮತ್ತು ಪೈಥಾನ್ ತಾನೇ ಇಟ್ಟಿರುವ ಹೆಸರುಗಳು ಮಾತ್ರ ರೋಮನ್ ಲಿಪಿಯಲ್ಲೇ ಇರಬೇಕು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಒತ್ತಕ್ಷರ ಮೂಡದಂತೆ ತಡೆಯುವ, ಕಣ್ಣಿಗೆ ಕಾಣದ ಚಿಹ್ನೆ ಇದೆಯಲ್ಲ, ಅದನ್ನು ಪೈಥಾನ್ ಹೆಸರಿನೊಳಗೆ ಬಿಟ್ಟುಕೊಳ್ಳುವುದಿಲ್ಲ. ಕಾರಣ ತಿಳಿಯದೆ ತಲೆ ಕೆಡಿಸಿಕೊಳ್ಳುವ ಮೊದಲು ಇದನ್ನು ನೆನಪಿಡಿ.

ಹಂತ 1: ಮುಚ್ಚಿರುವ ಬಾಗಿಲುಗಳು

ಮೇಲಿನ ಸಾಲನ್ನು ಹಾಗೆಯೇ ಓಡಿಸಿದರೆ ಟೈಪ್‌ಎರರ್ (ಈ ಟೈಪ್‌ನ, ಅಂದರೆ ಈ ಬಗೆಯ ವಸ್ತುವಿಗೆ ಈ ಕೆಲಸ ಒಗ್ಗದು ಎಂಬ ದೂರು) ಬರುತ್ತದೆ. >> ಎಂದರೆ ಏನೆಂದು ಫಂಕ್ಷನ್‌ಗೆ ಗೊತ್ತಿಲ್ಲ. 2001ರ ಪೈಥಾನ್ 2.2ರಿಂದ ಲಿಸ್ಟ್, ಡಿಕ್ಷನರಿಯಂತಹ ಸಿದ್ಧ ಟೈಪ್‌ಗಳಿಂದ ಹೊಸ ಕ್ಲಾಸ್ (ನಾವೇ ರೂಪಿಸುವ ಟೈಪ್) ಹುಟ್ಟಿಸಬಹುದು. ಫಂಕ್ಷನ್‌ನಿಂದ ಮಾತ್ರ ಆಗದು. ‘ಇದು ಮೂಲವಾಗಲು ತಕ್ಕ ಟೈಪ್ ಅಲ್ಲ’ ಎಂದು ಪೈಥಾನ್ ಮುಖಕ್ಕೆ ಹೊಡೆದಂತೆ ಹೇಳುತ್ತದೆ. ಸರಿ, ಆ ಟೈಪ್‌ಗೇ ಹೊಸ ಮೆಥಡ್ (ಟೈಪ್‌ನೊಳಗೆ ಇರುವ ಫಂಕ್ಷನ್) ಅಂಟಿಸೋಣವೆಂದರೆ ಅದಕ್ಕೂ ಒಪ್ಪಿಗೆಯಿಲ್ಲ. ಒಂದೊಂದೇ ಫಂಕ್ಷನ್‌ಗೆ ಗುಣ ಅಂಟಿಸಬಹುದು, ನಿಜ. ಆದರೆ >> ಕಂಡಾಗ ಪೈಥಾನ್ ಹುಡುಕುವುದು ಟೈಪ್‌ನಲ್ಲಿ, ಆ ಒಂದು ಫಂಕ್ಷನ್‌ನಲ್ಲಿ ಅಲ್ಲ.

ಜಾವಾಸ್ಕ್ರಿಪ್ಟ್‌ನವರಿಗೆ ಈ ಕಟ್ಟುಪಾಡು ವಿಚಿತ್ರವೆನಿಸಬಹುದು. ಅಲ್ಲಿ ಎಲ್ಲ ಫಂಕ್ಷನ್‌ಗಳ ಮೂಲಕ್ಕೇ ಯಾರು ಬೇಕಾದರೂ ಕೈ ಹಾಕಬಹುದು. ಇಬ್ಬರು ಒಂದೇ ಹೆಸರಿನಲ್ಲಿ ಕೈ ಹಾಕಿದಾಗ ಏನಾಗುತ್ತದೆಂದು ಕಂಡಿರುವ ನನಗೆ ಪೈಥಾನ್‌ನ ಬಿಗಿಯೇ ಹಿತ.

ಹಂತ 2: ಹೊದಿಕೆ ಹೊಲಿಯುವುದು

ಉಳಿದಿರುವ ದಾರಿ, ಫಂಕ್ಷನ್ ಅನ್ನು ಒಳಗಿಟ್ಟುಕೊಂಡು ತಾನೇ ಫಂಕ್ಷನ್‌ನಂತೆ ನಡೆದುಕೊಳ್ಳುವ ಕ್ಲಾಸ್ ಬರೆಯುವುದು. ಅದನ್ನು ‘ಕೊಂಡಿ’ ಎನ್ನೋಣ. ಮೂರು ಮೆಥಡ್ ಸಾಕು. ಮೂರರ ಹೆಸರಿನ ಹಿಂದೆಯೂ ಮುಂದೆಯೂ ಎರಡೆರಡು ಅಂಡರ್‌ಸ್ಕೋರ್ ಇರಬೇಕು. ಮೊದಲನೆಯದು, ಕೊಂಡಿ ಹುಟ್ಟುವಾಗ ನಡೆಯುವ ಇನಿಟ್:

ತಾನು.ಕೆಲಸ = ಕೆಲಸ

ಮೆಥಡ್ ಯಾವ ವಸ್ತುವಿನದೋ ಆ ವಸ್ತುವಿಗೆ ಇಡುವ ವಾಡಿಕೆಯ ಹೆಸರು ‘ಸೆಲ್ಫ್’ ಇಲ್ಲಿ ‘ತಾನು’ ಆಗಿದೆ. ಅದು ಬರೀ ರೂಢಿ, ನಿಯಮವಲ್ಲ. ಎರಡನೆಯದು, ಕೊಂಡಿಯನ್ನು ಕರೆದಾಗ ನಡೆಯುವ ಕಾಲ್. ಅದು ತಾನು.ಕೆಲಸ(*ಮಾಹಿತಿ) ಎಂಬುದನ್ನು ಮರಳಿಸುತ್ತದೆ. ಮೂರನೆಯದು >> ಚಿಹ್ನೆಗೆ ಅರ್ಥ ಕೊಡುವ ಆರ್‌ಶಿಫ್ಟ್. ಅದರೊಳಗೆ ಒಂದು ಪುಟ್ಟ ಫಂಕ್ಷನ್ ಬರೆದು ಮುಂದಿನದು(ತಾನು(ಮೊತ್ತ)) ಎಂಬುದನ್ನು ಮರಳಿಸಿ (‘ಮುಂದಿನದು’ ಎಂದರೆ ಚಿಹ್ನೆಯ ಬಲಬದಿಯಲ್ಲಿರುವುದು), ಆ ಫಂಕ್ಷನ್ ಅನ್ನೂ ಕೊಂಡಿಯಲ್ಲಿ ಸುತ್ತಿ ಹೊರಗೆ ಕಳುಹಿಸಿ. ಸುತ್ತದಿದ್ದರೆ ಸರಪಳಿ ಎರಡನೇ >> ಬಳಿಯೇ ತುಂಡಾಗುತ್ತದೆ.

ಇನ್ನು ಎರಡೂ ಫಂಕ್ಷನ್‌ಗಳ ತಲೆಯ ಮೇಲೆ @ಕೊಂಡಿ ಎಂದು ಬರೆದು (ಹಾಗೆ ಬರೆದರೆ ಫಂಕ್ಷನ್ ಕೊಂಡಿಯಲ್ಲಿ ಸುತ್ತಿಕೊಳ್ಳುತ್ತದೆ) ಓಡಿಸಿ. 1062.0 ಬರುತ್ತದೆ.

ಹಂತ 3: ಹೆಸರು ಉಳಿಸುವುದು

ಈಗ ಹೆಲ್ಪ್(ರಿಯಾಯಿತಿ) ಎಂದು ಕೇಳಿದರೆ ನೀವು ಬರೆದ ವಿವರಣೆಯ ಬದಲು ಕೊಂಡಿಯ ಪುರಾಣ ಬರುತ್ತದೆ. ಪೈಥಾನ್ ಜೊತೆಗೇ ಬರುವ ಫಂಕ್‌ಟೂಲ್ಸ್ ಮಾಡ್ಯೂಲ್‌ನ (ಸಿದ್ಧ ಕೋಡ್‌ನ ಕಟ್ಟಿನ) ಅಪ್‌ಡೇಟ್‌ರ್‍ಯಾಪರ್ ಎಂಬ ಸವಲತ್ತನ್ನು ಇನಿಟ್‌ನ ಮೊದಲ ಸಾಲಿನಲ್ಲೇ ಕರೆಯಿರಿ. ಹೆಸರು, ವಿವರಣೆ ಎಲ್ಲವೂ ಹೊದಿಕೆಗೆ ನಕಲಾಗುತ್ತವೆ. ಕೊನೆಯ ಸಾಲಿಗೆ ತಳ್ಳಬೇಡಿ. ಅದು ಒಳಗಿನದರ ಗುಣಗಳನ್ನೆಲ್ಲ ತರುವುದರಿಂದ ನೀವು ಇಟ್ಟ ‘ಕೆಲಸ’ದ ಮೇಲೆಯೇ ಇನ್ನೊಂದು ಬಂದು ಕೂರಬಹುದು.

ಹಂತ 4: ಎಲ್ಲರೂ ಮುಗ್ಗರಿಸುವ ಜಾಗ

ಇಲ್ಲಿಯವರೆಗಿನದು ಕ್ಲಾಸ್‌ನ ಹೊರಗೆ ಚೆನ್ನಾಗಿ ನಡೆಯುತ್ತದೆ. ‘ಗಿರಾಕಿ’ ಎಂಬ ಕ್ಲಾಸ್‌ನೊಳಗೆ ಬಾಕಿ(ತಾನು, ಮೊತ್ತ) ಎಂಬ ಮೆಥಡ್ ಬರೆದು, ಅದಕ್ಕೆ @ಕೊಂಡಿ ಹಾಕಿ, ಆ ಕ್ಲಾಸ್‌ನಿಂದ ‘ರಂಗಪ್ಪ’ ಎಂಬ ವಸ್ತು ಮಾಡಿಕೊಂಡು ರಂಗಪ್ಪ.ಬಾಕಿ(500) ಎಂದು ಕರೆದು ನೋಡಿ. ‘ಮೊತ್ತ’ ಬಂದಿಲ್ಲ ಎಂಬ ದೂರು! ಕೊಟ್ಟ 500 ಹೋಗಿ ‘ತಾನು’ವಿನ ಜಾಗದಲ್ಲಿ ಕುಳಿತಿರುತ್ತದೆ.

ಏಕೆಂದರೆ ಚುಕ್ಕಿ ಹಾಕಿ ಕರೆದಾಗ ರಂಗಪ್ಪನನ್ನು ಮೊದಲ ಜಾಗಕ್ಕೆ ತಂದು ಕೂರಿಸುವುದು ಭಾಷೆಯ ಮಾಯೆಯಲ್ಲ. ಫಂಕ್ಷನ್ ಟೈಪ್‌ನೊಳಗಿರುವ ಗೆಟ್ ಎಂಬ ಮೆಥಡ್‌ನ ಕೆಲಸ ಅದು. ನಮ್ಮ ಕೊಂಡಿಗೆ ಅದಿಲ್ಲ, ನಾವೇ ಬರೆಯಬೇಕು (ಇದಕ್ಕೂ ಅಂಡರ್‌ಸ್ಕೋರ್‌ಗಳು ಬೇಕು). ವಸ್ತು ಇಲ್ಲದೆ ಕ್ಲಾಸ್‌ನಿಂದಲೇ ಕರೆದಿದ್ದರೆ ‘ತಾನು’ವನ್ನೇ ಮರಳಿಸಿ. ವಸ್ತುವಿದ್ದರೆ ಟೈಪ್ಸ್ ಮಾಡ್ಯೂಲ್‌ನ ಮೆಥಡ್‌ಟೈಪ್ ಬಳಸಿ ತಾನು.ಕೆಲಸ ಮತ್ತು ಆ ವಸ್ತುವನ್ನು ಜೋಡಿಸಿ. ಹೆಚ್ಚಿನವರು ಇಷ್ಟಕ್ಕೇ ನಿಲ್ಲಿಸುತ್ತಾರೆ. ಕರೆ ಸರಿಯಾಗಿಯೇ ನಡೆಯುತ್ತದೆ, ಆದರೆ ರಂಗಪ್ಪ.ಬಾಕಿ >> ತೆರಿಗೆ ಎಂದೊಡನೆ ಮತ್ತೆ ಟೈಪ್‌ಎರರ್. ಜೋಡಿಸಿದ ಮೆಥಡ್ ಬೇರೆಯೇ ಟೈಪ್, ಅದಕ್ಕೆ >> ತಿಳಿಯದು. ಹಾಗಾಗಿ ಜೋಡಿಸಿದ್ದನ್ನೂ ಕೊಂಡಿಯಲ್ಲಿ ಸುತ್ತಿಯೇ ಮರಳಿಸಬೇಕು.

ಹಂತ 5: ಪರೀಕ್ಷೆ

ಕೊಂಡಿ ಎಷ್ಟೇ ನಟಿಸಿದರೂ ‘ಇದು ಫಂಕ್ಷನ್ ಟೈಪೇ?’ ಎಂದು ಇಸ್‌ಇನ್‌ಸ್ಟೆನ್ಸ್ ಮೂಲಕ ಕೇಳಿದರೆ ಉತ್ತರ ‘ಇಲ್ಲ’. ನಿಮ್ಮ ಕೋಡ್‌ನಲ್ಲಿ ಹಾಗೆ ಕೇಳುವ ಕಡೆಯೆಲ್ಲ ‘ಕಾಲಬಲ್’ (ಇದನ್ನು ಕರೆಯಬಹುದೇ ಎಂದು ಕೇಳುವ ಫಂಕ್ಷನ್) ಎಂದು ಬದಲಿಸಿ. ಪೈಥಾನ್ 3.0ರಲ್ಲಿ ಕೈಬಿಟ್ಟಿದ್ದ ಇದು 3.2ರಲ್ಲಿ ಮರಳಿ ಬಂದಿದೆ. ಕಡೆಗೊಮ್ಮೆ ಸರಪಳಿಯ ತುದಿಗೆ ಹತ್ತಿರದ ಪೂರ್ಣ ಸಂಖ್ಯೆ ಕೊಡುವ, ಪೈಥಾನ್‌ನದೇ ಆದ ರೌಂಡ್ ಅನ್ನು ಸೇರಿಸಿ ನೋಡಿ. ಬಲಬದಿಯಲ್ಲಿರುವುದು ಕೊಂಡಿಯೇ ಆಗಬೇಕಿಲ್ಲ, ಆದ್ದರಿಂದ 1062.0 ಎಂಬುದು 1062 ಆಗಿ ಹೊರಬರುತ್ತದೆ. ರೌಂಡ್ ಅನ್ನು ಎಡತುದಿಗೆ ತಂದರೆ ಮತ್ತೆ ಟೈಪ್‌ಎರರ್. ಅದೂ ನಡೆಯಬೇಕೆಂದರೆ ಆರ್‌ಆರ್‌ಶಿಫ್ಟ್ ಎಂಬ ಇನ್ನೊಂದು ಮೆಥಡ್ ಬರೆಯಬೇಕು.