ಸೇದುವ ಬಾವಿಯ ಹತ್ತಿರ ಬಟ್ಟೆ ಒಗೆಯುವ ಕ್ರಮ

ನಲ್ಲಿ ಬರುವ ಮುಂಚೆ ನಮ್ಮೂರಲ್ಲಿ ಬಟ್ಟೆ ಒಗೆಯುತ್ತಿದ್ದ ಕ್ರಮವನ್ನು ಅಮ್ಮನ ಪಕ್ಕ ನಿಂತು ಕಲಿತವಳು ನಾನು. ಹಳೆಯ ಬಾವಿಯನ್ನು ಇನ್ನೂ ಉಳಿಸಿಕೊಂಡವರಿಗೆ ಉಪಯೋಗವಾದೀತೆಂದು ಬರೆಯುತ್ತಿದ್ದೇನೆ.

ಮೊದಲು ಒಗೆಯುವ ಕಲ್ಲಿನ ಜಾಗ ನೋಡಿ. ಅದು ಬಾವಿಕಟ್ಟೆಗೆ ಅಂಟಿಕೊಂಡಿರಬಾರದು. ಇಳಿಜಾರಿನ ಕಡೆ, ದೂರದಲ್ಲಿರಬೇಕು. ಒಗೆದ ನೀರು ಒಂದು ಹನಿಯೂ ಬಾವಿ ಕಡೆಗೆ ತಿರುಗಬಾರದು. ನಮ್ಮಲ್ಲಿ ಅದು ಬಾಳೆಗಿಡಗಳಿಗೆ ಹೋಗುತ್ತಿತ್ತು. ಇದರಲ್ಲಿ ಸಡಿಲ ಬಿಡಬೇಡಿ. ಮೆಟ್ಟಿಲಿಳಿದು ಕೊಡ ಅದ್ದುತ್ತಿದ್ದ ಬಾವಿಗಳಿಂದ ಉತ್ತರ ಕರ್ನಾಟಕದ ಎಷ್ಟೋ ಊರುಗಳು ನಾರುಹುಣ್ಣಿನಿಂದ, ಅಂದರೆ ಚರ್ಮದಡಿ ನಾರಿನಂಥ ಉದ್ದ ಹುಳು ಬೆಳೆದು ಹುಣ್ಣಾಗುವ ರೋಗದಿಂದ, ನರಳಿವೆ. ಹುಣ್ಣಾದ ಕಾಲು ನೀರಿಗಿಳಿದರೆ ಹುಳುವಿನ ಮರಿಗಳು ನೀರು ಸೇರುತ್ತಿದ್ದವು. ಅವನ್ನು ತಿಂದ ಕಣ್ಣಿಗೆ ಕಂಡೂ ಕಾಣದಂಥ ನೀರಚಿಗಟಗಳು ಕುಡಿಯುವವರ ಹೊಟ್ಟೆಗೆ ಹೋಗುತ್ತಿದ್ದವು. ಮೆಟ್ಟಿಲುಬಾವಿಗಳಿಗೆ ಕಟ್ಟೆ ಕಟ್ಟಿ ಸೇದುವ ಬಾವಿ ಮಾಡಿದ್ದು, ಬಟ್ಟೆಯಲ್ಲಿ ಸೋಸಿ ಕುಡಿಯಲು ಕಲಿಸಿದ್ದು ಫಲ ಕೊಟ್ಟಿತು. 2000ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ಆ ರೋಗದಿಂದ ಮುಕ್ತ ಎಂದು ಸಾರಿತು.

ಸೇದುವಾಗ ಕೊಡವನ್ನು ದಡಾರನೆ ಬಿಡಬೇಡಿ. ನೀರು ಮುಟ್ಟಿದೊಡನೆ ಹಗ್ಗವನ್ನು ಪಕ್ಕಕ್ಕೆ ಒಮ್ಮೆ ಜಗ್ಗಿದರೆ ಕೊಡ ಓರೆಯಾಗಿ ತುಂಬಿಕೊಳ್ಳುತ್ತದೆ. ಮೇಲಿನ ಕೈ ಬಿಗಿಯಾಗುವ ತನಕ ಕೆಳಗಿನ ಕೈ ಸಡಿಲಿಸಬಾರದು. ಕೊಡ ಕಳಚಿ ಬಿದ್ದರೆ ಪಾತಾಳ ಗರಡಿ, ಅಂದರೆ ಹಗ್ಗಕ್ಕೆ ಕಟ್ಟಿದ ಕಬ್ಬಿಣದ ಕೊಕ್ಕೆಗಳ ಗೊಂಚಲು, ಇಳಿಸಿ, ತಳ ಮುಟ್ಟಿಸಿ, ಕೊಕ್ಕೆ ಸಿಕ್ಕುವ ತನಕ ನಿಧಾನವಾಗಿ ಆಡಿಸಿ. ಹಿಂದೆ ಎಷ್ಟೋ ಊರುಗಳಲ್ಲಿ ದಲಿತರು ಈ ಹಗ್ಗ ಮುಟ್ಟುವಂತಿರಲಿಲ್ಲ. ಯಾರಾದರೂ ಸೇದಿ ಹಾಕಲಿ ಎಂದು ದೂರ ನಿಂತು ಕಾಯಬೇಕಿತ್ತು. ಬಾವಿಯನ್ನು ಮತ್ತೆ ಬಳಕೆಗೆ ತರುವವರು ಹಗ್ಗ ಎಲ್ಲರ ಕೈಗೂ ಸಿಗುವಂತೆ ಮಾಡಲೇಬೇಕು.

ಬಿಳಿ ಹತ್ತಿ ಬಟ್ಟೆಗೆ ಬೂದಿನೀರು ಸಾಕು. ಸೌದೆ ಒಲೆಯ ಬೂದಿಯನ್ನು ಜರಡಿ ಹಿಡಿದು ನೀರಿನಲ್ಲಿ ಕದಡಿ ರಾತ್ರಿ ಬಿಡಿ. ಬೆಳಿಗ್ಗೆ ಮೇಲಿನ ತಿಳಿಯನ್ನಷ್ಟೇ ಬಗ್ಗಿಸಿಕೊಳ್ಳಿ. ಬೆರಳುಗಳ ನಡುವೆ ಜಾರುಜಾರಾದರೆ ಹದ ಬಂದಿದೆ. ಚರ್ಮ ಉರಿದರೆ ಇನ್ನಷ್ಟು ನೀರು ಬೆರೆಸಿ. ಬಟ್ಟೆ ನೆನೆಸಿ, ಮಡಚಿ, ಕಲ್ಲಿಗೆ ಮಟ್ಟಸವಾಗಿ ಬೀಳುವಂತೆ ಬಡಿಯಿರಿ. ಅಂಚು ಬಡಿದರೆ ಬೇಗ ಹರಿಯುತ್ತದೆ.

ರೇಷ್ಮೆಗೆ ಬೂದಿನೀರು ಸೋಕಿಸಬೇಡಿ. ಬೀಜ ತೆಗೆದ ಅಂಟುವಾಳವನ್ನು ಬೆಚ್ಚಗಿನ ನೀರಲ್ಲಿ ನೆನೆಸಿ, ನೊರೆ ಬರುವಂತೆ ಕಿವುಚಿ, ಸೋಸಿ, ಅದರಲ್ಲಿ ಸೀರೆ ಅದ್ದಿ ಮೆಲ್ಲಗೆ ಹಿಂಡದೆ ತೆಗೆಯಿರಿ. ನೆರಳಲ್ಲಿ ಹರವಿ.

ಜಿಡ್ಡುಗಟ್ಟಿದ ಬಟ್ಟೆಗೆ ಮಾತ್ರ ಮಡಿವಾಳರ ಉಬ್ಬೆಯೇ ಆಗಬೇಕು. ಚೌಳುಮಣ್ಣಿನ ನೀರಲ್ಲಿ ಅದ್ದಿದ ಬಟ್ಟೆಗಳನ್ನು ಕುದಿಯುವ ಹಂಡೆಯ ಬಾಯಿ ಮೇಲೆ ಪೇರಿಸಿ ರಾತ್ರಿಯೆಲ್ಲ ಹಬೆಯಲ್ಲಿ ಬೇಯಿಸುತ್ತಿದ್ದರು. ಆ ಬಿಳುಪು ಮನೆಯ ಕಲ್ಲಿನ ಮೇಲೆ ಬಂದದ್ದನ್ನು ನಾನು ಕಂಡಿಲ್ಲ.

ಕೆಲಸ ಮುಗಿದ ಮೇಲೆ ಕಲ್ಲನ್ನು ಉಜ್ಜಿ ತೊಳೆಯಿರಿ, ಪಾಚಿಗೆ ಕಾಲು ಜಾರುತ್ತದೆ. ಹಗ್ಗವನ್ನು ಒದ್ದೆಯಲ್ಲೇ ಸುತ್ತಿಡದೆ ಬಿಸಿಲಿಗೆ ಹಾಕಿ.